ಸೋಫಾ ಕೊಡದ ಸುಖ: ಒಂದು ಮನೆಯ ಪ್ರಕರಣ ಅಧ್ಯಯನ

ಕೈಯಲ್ಲಿ ಜಾಸ್ತಿ ದುಡ್ಡಿಲ್ಲದೆ ಮನೆಯಲ್ಲೇ ಐಷಾರಾಮವಾಗಿ ಇರಲು ಆಗುತ್ತದಾ? ಮನೆ ಖರ್ಚು ಮತ್ತು ಮನೆ ಜೋಡಣೆಯ ಬಗ್ಗೆ ಸಲಹೆ ಕೊಡುವ ನನಗೆ ಈ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಆಗುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದು ಈ ಒಂದು ಮನೆಯನ್ನು ಹತ್ತಿರದಿಂದ ನೋಡಿದ ಮೇಲೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಡೆದ ಸಂಗತಿ ಮಾತ್ರ ನಡೆದ ಹಾಗೇ ಇದೆ.

ಹಿನ್ನೆಲೆ

ಮನೆಯಲ್ಲಿ ನಾಲ್ಕು ಜನ. ಆಕೆ ಒಂದು ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾರೆ. ಆತ ಶಾಲಾ ಶಿಕ್ಷಕ. ಜೊತೆಗೆ ಹೈಸ್ಕೂಲಿಗೆ ಹೋಗುವ ಮಗಳು, ಎಪ್ಪತ್ತು ದಾಟಿದ ಅತ್ತೆ. ಎರಡು ಮಲಗುವ ಕೋಣೆಯ ಬಾಡಿಗೆ ಮನೆ. ಇಬ್ಬರ ಸಂಬಳ ಸೇರಿ ತಿಂಗಳು ನೆಮ್ಮದಿಯಾಗಿ ಕಳೆಯುತ್ತಿತ್ತು, ಸ್ವಲ್ಪ ಉಳಿತಾಯವೂ ಆಗುತ್ತಿತ್ತು. ಸಾಲ ಇರಲಿಲ್ಲ.

ಒಮ್ಮೆ ಹತ್ತಿರದ ನೆಂಟರ ಸಮಾರಂಭಕ್ಕೆ ಹೋದಾಗ ಎರಡು ರಾತ್ರಿ ದೊಡ್ಡ ಹೋಟೆಲಿನಲ್ಲಿ ಉಳಿಯುವ ಅವಕಾಶ ಸಿಕ್ಕಿತು. ಖರ್ಚು ಕರೆದವರದೇ. ವಾಪಸ್ ಬಂದು ಮನೆಯ ಬಾಗಿಲು ತೆಗೆದಾಗ ಎಲ್ಲರಿಗೂ ಮನೆ ಮಂಕಾಗಿ ಕಂಡಿತು. ನಿನ್ನೆ ಮೊನ್ನೆವರೆಗೂ ಸರಿಯಾಗೇ ಇದ್ದ ಮನೆ ಅದು. ಆಕೆ ಅಂದದ್ದು ಇಷ್ಟು: "ರೀ, ನಾವೂ ದುಡೀತೀವಿ ಅಲ್ವಾ? ನಮಗ್ಯಾಕೆ ಹೀಗೆ ಇರೋಕಾಗಲ್ಲ?"

ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಿದ ದಾರಿ ಮಾತ್ರ ಅವರಿಗೆ ಬಹಳ ದುಬಾರಿಯಾಯಿತು.

ಮೊದಲು ಕಂತಿನ ಮೇಲೆ ದೊಡ್ಡ ಸೋಫಾ ಬಂತು. ಸೋಫಾ ಬಂದ ಮೇಲೆ ಹಳೆಯ ಟೀಪಾಯಿ ಹೊಂದುತ್ತಿಲ್ಲ ಅನ್ನಿಸಿತು, ಅದೂ ಬದಲಾಯಿತು. ಆಮೇಲೆ ಗಾಜಿನ ಊಟದ ಮೇಜು. ಛಾವಣಿಯಲ್ಲಿ ಹೊಳೆಯುವ ಬಿಳಿ ದೀಪ. ಗೋಡೆಯ ಗಾಜಿನ ಕಪಾಟಿನಲ್ಲಿ ಹೊಸ ಕಪ್ಪು, ತಟ್ಟೆ, ಶೋಪೀಸು. ಪ್ರತಿಯೊಂದಕ್ಕೂ ಅದರದೇ ಕಂತು.

ಒಂದು ಹೊಸ ವಸ್ತು ಬಂದು ಉಳಿದ ಎಲ್ಲವನ್ನೂ ಹಳತಾಗಿಸುವ ಈ ಸಂಗತಿ ಈ ಮನೆಯಲ್ಲಿ ಹುಟ್ಟಿದ್ದೇನಲ್ಲ. 18ನೇ ಶತಮಾನದ ಫ್ರೆಂಚ್ ಚಿಂತಕ ದೆನಿ ದಿದೆರೊ ಒಂದು ಹೊಸ ನಿಲುವಂಗಿ ಬಂದ ಮೇಲೆ ತನ್ನ ಕುರ್ಚಿ, ಮೇಜು, ಗೋಡೆ ಎಲ್ಲವೂ ಹೇಗೆ ಕಳೆಗುಂದಿ ಕಂಡವು, ಹೇಗೆ ಒಂದೊಂದಾಗಿ ಬದಲಾದವು ಎಂದು 1769ರಲ್ಲಿ ಬರೆದಿದ್ದ. 1988ರಲ್ಲಿ ಗ್ರಾಂಟ್ ಮೆಕ್‌ಕ್ರ್ಯಾಕನ್ ಎಂಬ ಮಾನವಶಾಸ್ತ್ರಜ್ಞ ಇದಕ್ಕೆ ಆತನ ಹೆಸರನ್ನೇ ಇಟ್ಟು 'ದಿದೆರೊ ಎಫೆಕ್ಟ್' ಎಂದು ಕರೆದ. ಇದನ್ನು ಹೇಳಿದಾಗ ಈ ಮನೆಯ ಆತ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ನಮ್ಮದು ದುರಾಸೆ ಅಲ್ಲ" ಎಂದರು. ಅಲ್ಲವೇ ಅಲ್ಲ. ಇದು ಯಾರಿಗೂ ಆಗುವಂಥದ್ದು. ಈ ಮಾತು ಅವರಿಗೆ ಎಷ್ಟು ನಿರಾಳ ತಂದಿತೆಂದರೆ, ಮುಂದೆ ನಡೆದ ಮಾತುಕತೆಗಳಲ್ಲಿ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲಿಲ್ಲ.

ಸಮಸ್ಯೆ

ಅವರು ನನ್ನ ಬಳಿ ಬಂದಾಗ ಇವೆಲ್ಲ ಮನೆಗೆ ಬಂದು ಒಂದು ವರ್ಷ ಆಗಿತ್ತು. ಉಳಿತಾಯ ನಿಂತಿತ್ತು. ಸಂಬಳದಲ್ಲಿ ಐದನೇ ಒಂದು ಭಾಗ ಕಂತಿಗೇ ಹೋಗುತ್ತಿತ್ತು. ಆದರೆ ಅವರನ್ನು ಕಾಡುತ್ತಿದ್ದದ್ದು ದುಡ್ಡು ಮಾತ್ರ ಅಲ್ಲ. ಇಷ್ಟೆಲ್ಲ ತಂದರೂ ಮನೆಯಲ್ಲಿ ಸುಖ ಅನ್ನಿಸುತ್ತಿರಲಿಲ್ಲ. ಸೋಫಾ ಕೊಳೆಯಾಗಬಾರದು ಎಂದು ಅದರ ಮೇಲೆ ದಪ್ಪ ಹೊದಿಕೆ ಹಾಸಿದ್ದರು. ಅತ್ತೆ ಅದರಲ್ಲಿ ಕೂರುತ್ತಲೇ ಇರಲಿಲ್ಲ, ಕುಳಿತರೆ ಏಳುವುದು ಕಷ್ಟ. ಹೊಸ ಕಪ್ಪುಗಳು ಗಾಜಿನ ಹಿಂದೆ ಇದ್ದವು, ಮನೆಯವರು ಕುಡಿಯುತ್ತಿದ್ದದ್ದು ಅಂಚು ಒಡೆದ ಹಳೆಯವುಗಳಲ್ಲಿ. ಗಾಜಿನ ಮೇಜಿನ ಮೇಲೆ ಬೆರಳಿನ ಗುರುತು ಬೀಳದಂತೆ ದಿನಕ್ಕೆ ಹಲವು ಸಲ ಒರೆಸಬೇಕಿತ್ತು. ಒರೆಸುತ್ತಿದ್ದವರು ಆಕೆ.

ನಾನು ಅವರಿಗೆ ಕೊಟ್ಟ ಮೊದಲ ಕೆಲಸಕ್ಕೆ ದುಡ್ಡು ಬೇಕಿರಲಿಲ್ಲ. ನಾಲ್ವರೂ ಬೇರೆ ಬೇರೆ ಕುಳಿತು, ಆ ಹೋಟೆಲಿನಲ್ಲಿ ಏನು ಇಷ್ಟವಾಯಿತು ಎಂದು ಬರೆಯಬೇಕು. ಒಬ್ಬರದನ್ನು ಇನ್ನೊಬ್ಬರು ನೋಡಬಾರದು.

ಆತ ಬರೆದದ್ದು: ಹಾಸಿಗೆ, ಬೆಡ್‌ಶೀಟಿನ ತಂಪು, ಶವರಿನಲ್ಲಿ ಜೋರಾಗಿ ಬರುವ ಬಿಸಿನೀರು. ಮಗಳು ಬರೆದದ್ದು: ಸಂಜೆಯ ದೀಪಗಳು, ದಪ್ಪ ಟವೆಲು, ಬಾಗಿಲು ಮುಚ್ಚಿದರೆ ಏನೂ ಕೇಳಿಸುವುದಿಲ್ಲ. ಅತ್ತೆ ಬರೆದದ್ದು ಒಂದೇ ಸಾಲು: ಕಿಟಕಿ ಪಕ್ಕದ ಕುರ್ಚಿ. ಆಕೆ ಬರೆದದ್ದು: ಮೇಜಿನ ಮೇಲೆ ಏನೂ ಇರಲಿಲ್ಲ. ಬೆಳಿಗ್ಗೆ ಎದ್ದಾಗ ನನ್ನನ್ನು ಯಾವ ಕೆಲಸವೂ ಕಾಯುತ್ತಿರಲಿಲ್ಲ.

ನಾಲ್ಕೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಒಂದರಲ್ಲೂ ಸೋಫಾ ಇಲ್ಲ. ಗಾಜಿನ ಮೇಜಿಲ್ಲ. ಶೋಪೀಸು ಇಲ್ಲ. ಒಂದು ವರ್ಷ ಕಂತು ಕಟ್ಟಿ ತಂದ ಯಾವ ವಸ್ತುವೂ ಅವರೇ ಬರೆದ ಸುಖದ ಪಟ್ಟಿಯಲ್ಲಿ ಇರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಇದೇ. ಪಟ್ಟಿಯಲ್ಲಿದ್ದದ್ದೆಲ್ಲ ಮೈಗೆ ತಾಗುವಂಥದ್ದು, ಕಣ್ಣಿಗೆ ಹಿತವಾಗುವಂಥದ್ದು, ಇಲ್ಲವೇ ಕಿರಿಕಿರಿ ಇಲ್ಲದಿರುವುದು. ಕೊಂಡದ್ದೆಲ್ಲ ಬಂದವರ ಕಣ್ಣಿಗೆ ಕಾಣುವಂಥದ್ದು. ನೋಡುವವರಿಗಾಗಿ ಮಾಡುವ ಖರ್ಚಿಗೂ ಬದುಕುವವರಿಗಾಗಿ ಮಾಡುವ ಖರ್ಚಿಗೂ ಇಷ್ಟು ಸ್ಪಷ್ಟವಾದ ಅಂತರ ನಾನು ಬೇರೆಲ್ಲೂ ಕಂಡಿಲ್ಲ.

ಏನು ಮಾಡಿದರು

ಮೂರು ತಿಂಗಳು ದೊಡ್ಡದೇನನ್ನೂ ಕೊಳ್ಳುವಂತಿಲ್ಲ ಎಂದು ಒಪ್ಪಿಕೊಂಡರು. ಗಾಜಿನ ಮೇಜು, ಟೀಪಾಯಿ, ಶೋಪೀಸುಗಳಲ್ಲಿ ಹೆಚ್ಚಿನವನ್ನು ಮಾರಿದರು. ಕೊಂಡ ಬೆಲೆಯ ಅರ್ಧಕ್ಕಿಂತ ಕಡಿಮೆ ಬಂತು. ಅದು ಕಷ್ಟದ ನಿರ್ಧಾರ, ಆತ ಒಂದು ವಾರ ತಡೆದರು. ಕೊನೆಗೆ ಒಪ್ಪಿದ್ದು ಈ ಲೆಕ್ಕಕ್ಕೆ: ಮೇಜು ಮನೆಯಲ್ಲಿದ್ದರೂ ಹೋದ ದುಡ್ಡು ಹೋದದ್ದೇ, ಮಾರಿದರೆ ಸ್ವಲ್ಪವಾದರೂ ಕೈಗೆ ಬರುತ್ತದೆ, ಜಾಗವೂ ಸಿಗುತ್ತದೆ. ಬಂದ ಹಣದಲ್ಲಿ ಒಂದು ಕಂತು ಪೂರ್ತಿ ತೀರಿಸಿದರು. ಉಳಿದದ್ದೇ ಮನೆಯ 'ಸುಖದ ಡಬ್ಬಿ'ಯ ಮೊದಲ ಹಣ. ಆಮೇಲೆ ಅದಕ್ಕೆ ತಿಂಗಳ ಸಂಬಳದ ನೂರಕ್ಕೆ ಎರಡು ಭಾಗ ಹಾಕುತ್ತಾ ಬಂದರು. ಡಬ್ಬಿಯಲ್ಲಿ ಇದ್ದಷ್ಟೇ ಖರ್ಚು, ಸಾಲ ಇಲ್ಲ.

ಮೊದಲ ಕೆಲಸ ಮೇಜು, ಅಡುಗೆಮನೆ ಕಟ್ಟೆ, ಮಂಚದ ಪಕ್ಕದ ಜಾಗ ಖಾಲಿ ಮಾಡಿದ್ದು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ ಮುಖ್ಯ. ಹಳೆಯ ಸಾಮಾನು ಅಂದಕೂಡಲೇ ಎಲ್ಲರ ಕಣ್ಣು ಅತ್ತೆಯ ಕಡೆ ಹೋಯಿತು. ಆಗ ಆಕೆಯೇ ಅಡ್ಡ ಬಂದು, "ಅತ್ತೆಯದನ್ನ ಅತ್ತೆಯೇ ನೋಡಿಕೊಳ್ಳಲಿ, ನಾವು ನಮ್ಮದನ್ನ ತೆಗೆಯೋಣ" ಅಂದರು. ಈ ಒಂದು ಮಾತಿನಿಂದ ದೊಡ್ಡ ಜಗಳ ತಪ್ಪಿತು. ಇನ್ನೊಬ್ಬರ ನೆನಪುಗಳನ್ನು ಕಸ ಎಂದು ಕರೆದು ಯಾವ ಮನೆಯೂ ಚೆಂದವಾಗುವುದಿಲ್ಲ.

ಬೆಳಕಿನ ವಿಷಯಕ್ಕೆ ಬರೋಣ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ಆದದ್ದು ಇಲ್ಲೇ. ಛಾವಣಿಯಲ್ಲಿದ್ದ ಬಿಳಿ ದೀಪ 6500 ಕೆಲ್ವಿನ್‌ನದು, ಅಂದರೆ ಹಗಲಿನ ಬೆಳಕಿನಂತೆ ನೀಲಿ ಛಾಯೆಯದು. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ. ಕೆಲಸಕ್ಕೆ ಅದು ಸರಿ. ಸಂಜೆ ಹೊತ್ತು ವಿಶ್ರಾಂತಿಗೆ ಸರಿಯಲ್ಲ, ನಿದ್ದೆ ತರುವ ಮೆಲಟೋನಿನ್ ಎಂಬ ಹಾರ್ಮೋನನ್ನು ಇಂಥ ಪ್ರಖರ ಬೆಳಕು ತಡೆಯುತ್ತದೆ. ಹಳೆಯ ತಂತಿ ಬಲ್ಬುಗಳ ಬೆಳಕು ಸುಮಾರು 2700 ಕೆಲ್ವಿನ್ ಇರುತ್ತಿತ್ತು. ಹೋಟೆಲು ಕೋಣೆಯಲ್ಲಿ ಬಹುತೇಕ ಇದೇ ಹಳದಿ ಬೆಳಕು, ಅದೂ ತಲೆಯ ಮೇಲಿಂದಲ್ಲ. ಮೂಲೆಯಲ್ಲೊಂದು, ಮಂಚದ ಪಕ್ಕ ಒಂದು, ಮೇಜಿನ ಮೇಲೊಂದು, ಹೀಗೆ ಕಣ್ಣಿನ ಮಟ್ಟಕ್ಕಿಂತ ಕೆಳಗೆ. ನೆರಳು ಬೆಳಕು ಸೇರಿದಾಗ ಕೋಣೆಗೆ ಆಳ ಬರುತ್ತದೆ. ಗೋಡೆಯ ಕಲೆ, ನೆಲದ ಬಿರುಕು ಹಿಂದೆ ಸರಿಯುತ್ತವೆ.

ಅಟ್ಟದಲ್ಲಿದ್ದ ಎರಡು ಹಳೆಯ ಟೇಬಲ್ ಲ್ಯಾಂಪುಗಳಿಗೆ 2700 ಕೆಲ್ವಿನ್‌ನ ಎಲ್‌ಇಡಿ ಬಲ್ಬು ಹಾಕಿದರು, ಒಂದು ಲ್ಯಾಂಪು ಹೊಸದಾಗಿ ತಂದರು. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ 90ಕ್ಕಿಂತ ಹೆಚ್ಚು ಇರುವುದನ್ನೇ ಆರಿಸಿದರು. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ಗರಿಷ್ಠ 100. ಸಾಧಾರಣ ಬಲ್ಬುಗಳಲ್ಲಿ 80ರ ಆಸುಪಾಸು ಇರುತ್ತದೆ. ಮುಖದ ಬಣ್ಣ, ಬಟ್ಟೆಯ ಬಣ್ಣ ಎರಡರಲ್ಲೂ ವ್ಯತ್ಯಾಸ ಎದ್ದು ಕಾಣುತ್ತದೆ.

ಮೂವರಿಗೆ ಖುಷಿಯೋ ಖುಷಿ. ಅತ್ತೆ ಮಾತ್ರ ಎರಡನೇ ದಿನ ಪುಸ್ತಕ ಮುಚ್ಚಿಟ್ಟು ಬೇಗ ಮಲಗಿದರು. ಮೂರನೇ ದಿನವೂ ಹಾಗೇ. ಮಗಳು ಕೇಳಿದಾಗ, "ನಿಮಗೆಲ್ಲ ಚೆಂದ ಕಾಣತ್ತಲ್ಲ, ಇರಲಿ ಬಿಡು" ಅಂದರಂತೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಮಂಜಾಗುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಒಂದೇ ಕೋಣೆಯಲ್ಲಿ ಕುಳಿತರೂ ಅವರು ಕುಳಿತದ್ದು ಕತ್ತಲಲ್ಲಿ. ಕಿಟಕಿ ಪಕ್ಕ ಅವರ ಹಳೆಯ ಗಟ್ಟಿ ಕುರ್ಚಿ ಹಾಕಿ, ಭುಜದ ಹಿಂದಿನಿಂದ ಪುಟದ ಮೇಲೆ ಮಾತ್ರ ಬೀಳುವಂತೆ 4000 ಕೆಲ್ವಿನ್‌ನ ಓದುವ ದೀಪ ಇಟ್ಟರು. ಚೀಟಿಯಲ್ಲಿ ಅವರು ಬರೆದಿದ್ದ ಒಂದೇ ಆಸೆ ಹೀಗೆ ಈಡೇರಿತು. ಈಗ ಆ ಮನೆಯಲ್ಲಿ ಎಲ್ಲರಿಗೂ ಬೇಕಾದ ಜಾಗ ಅದೇ ಮೂಲೆ.

ಹಾಸಿಗೆ ಬಟ್ಟೆಯ ವಿಷಯದಲ್ಲಿ ಅವರು ಒಮ್ಮೆ ಎಡವಿದರು. ರಿಯಾಯಿತಿಯಲ್ಲಿ ಸಿಕ್ಕಿತು ಎಂದು ಥ್ರೆಡ್ ಕೌಂಟ್ 1000 ಎಂದು ಬರೆದಿದ್ದ ಬೆಡ್‌ಶೀಟ್ ತಂದರು. ಮಲಗಿದರೆ ಸೆಕೆ. ಕೆಲವೇ ಒಗೆತಕ್ಕೆ ಮೇಲೆಲ್ಲ ಸಣ್ಣ ಗಂಟುಗಳು ಎದ್ದವು. ಥ್ರೆಡ್ ಕೌಂಟ್ ಅಂದರೆ ಒಂದು ಚದರ ಇಂಚು ಬಟ್ಟೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಇರುವ ಎಳೆಗಳ ಲೆಕ್ಕ. ಅಷ್ಟು ಜಾಗದಲ್ಲಿ ಒಂಟಿ ಎಳೆಗಳು ಹಿಡಿಸುವುದಕ್ಕೂ ಒಂದು ಮಿತಿ ಇದೆ. 1000 ಎಂದು ಬರೆದಿದ್ದರೆ ಸಾಮಾನ್ಯವಾಗಿ ಎರಡು ಮೂರು ಸಣ್ಣ ಎಳೆ ಹೊಸೆದು ಮಾಡಿದ ದಾರದ ಒಂದೊಂದು ಎಳೆಯನ್ನೂ ಎಣಿಸಿರುತ್ತಾರೆ. ಬಟ್ಟೆ ದಪ್ಪವಾಗುತ್ತದೆ, ಗಾಳಿ ಆಡುವುದಿಲ್ಲ. ಒಂಟಿ ಎಳೆಯ, ಉದ್ದ ನಾರಿನ ಹತ್ತಿಯಾದರೆ 200ರಿಂದ 400ರ ಒಳಗೇ ಚೆನ್ನಾದ ಬಟ್ಟೆ ಸಿಗುತ್ತದೆ. ಹೋಟೆಲಿನ ಆ ಗರಿಗರಿ ತಂಪು ಬರುವುದು ಪರ್ಕೇಲ್ ಎಂಬ ಸಾದಾ ನೇಯ್ಗೆಯಿಂದ. ನುಣುಪು, ಹೊಳಪು ಬೇಕಾದವರಿಗೆ ಸಟೀನ್ ನೇಯ್ಗೆ, ಅದು ಸ್ವಲ್ಪ ಬೆಚ್ಚಗೆ. ಸೆಕೆ ತಡೆಯದವರು ಪರ್ಕೇಲ್ ಆರಿಸುವುದು ಒಳ್ಳೆಯದು. ಇವರು ಬಿಳಿ ಪರ್ಕೇಲ್ ಎರಡು ಜೊತೆ ತಂದರು. ಬಿಳಿ ಯಾಕೆ ಅಂದರೆ ಬಣ್ಣ ಬಿಡುವ ಭಯವಿಲ್ಲದೆ ಬಿಸಿನೀರಲ್ಲಿ ಒಗೆಯಬಹುದು, ಒಂದು ದಿಂಬಿನ ಕವರು ಹಾಳಾದರೆ ಅದೊಂದನ್ನೇ ಬದಲಿಸಬಹುದು.

ಟವೆಲಿನ ವಿಷಯದಲ್ಲಿ ಕೊಳ್ಳುವ ಮೊದಲೇ ಕೇಳಿದರು. ಟವೆಲಿನ ತೂಕವನ್ನು ಜಿಎಸ್‌ಎಂ ಎಂದು ಬರೆದಿರುತ್ತಾರೆ, ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಮಗಳಿಗೆ 700ರದ್ದೇ ಬೇಕಿತ್ತು. ಅಷ್ಟು ದಪ್ಪದ ಟವೆಲು ಬೇಗ ಒಣಗುವುದಿಲ್ಲ, ಸಣ್ಣ ಬಚ್ಚಲಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. 500ರ ಹತ್ತಿರದ್ದು ಮೈಗೂ ಹಿತ, ಒಣಗುವುದಕ್ಕೂ ಸರಿ. ಜೊತೆಗೆ, ಅವರಲ್ಲಿದ್ದ ಹಳೆಯ ಟವೆಲುಗಳು ಒರಟಾಗಲು, ನೀರು ಹೀರದಿರಲು ಕಾರಣ ಒಗೆಯುವಾಗ ಹಾಕುತ್ತಿದ್ದ ಫ್ಯಾಬ್ರಿಕ್ ಸಾಫ್ಟನರ್ ಮತ್ತು ಅಳತೆ ಮೀರಿದ ಸೋಪಿನ ಪುಡಿ. ಸಾಫ್ಟನರ್ ನೂಲಿನ ಮೇಲೆ ಜಿಡ್ಡಿನ ಪದರ ಬಿಡುತ್ತದೆ. ಅದನ್ನು ನಿಲ್ಲಿಸಿ, ಪುಡಿ ಅರ್ಧಕ್ಕೆ ಇಳಿಸಿ, ಬಿಸಿನೀರಲ್ಲಿ ಒಗೆದು, ಒಣಹಾಕುವ ಮೊದಲು ಜೋರಾಗಿ ಕೊಡವಲು ಶುರು ಮಾಡಿದ ಮೇಲೆ ಹಳೆಯವೇ ಮತ್ತೆ ಮೆತ್ತಗಾದವು. ಹೊಸ ಟವೆಲು ಎರಡೇ ಸಾಕಾಯಿತು.

ಶವರಿನದು ಇನ್ನೂ ಚೆಂದ. ಒತ್ತಡ ಹೆಚ್ಚಿಸುವ ಪಂಪು ಹಾಕಿಸಬೇಕು ಎಂದು ಆತ ಬೆಲೆ ವಿಚಾರಿಸುತ್ತಿದ್ದರು. ನಲ್ಲಿಯಲ್ಲಿ ನೀರು ಜೋರಾಗೇ ಬರುತ್ತಿತ್ತು, ಶವರಿನಲ್ಲಿ ಮಾತ್ರ ಸಣ್ಣಗೆ. ಅಂದರೆ ತೊಂದರೆ ಒತ್ತಡದ್ದಲ್ಲ. ಗಡಸು ನೀರಿನ ಸುಣ್ಣ ತೂತುಗಳಲ್ಲಿ ಕಟ್ಟಿಕೊಂಡಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ವಿನೆಗರ್ ತುಂಬಿ, ಶವರಿನ ತಲೆ ಮುಳುಗುವಂತೆ ಕಟ್ಟಿ ಕೆಲವು ಗಂಟೆ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು. ಪಂಪಿನ ಮಾತು ಅಲ್ಲಿಗೇ ಮುಗಿಯಿತು. ಮಾಡುವವರು ಎರಡು ಎಚ್ಚರ ಇಟ್ಟುಕೊಳ್ಳಿ. ವಿನೆಗರ್ ಅಮೃತಶಿಲೆಯ ಮೇಲೆ ಬಿದ್ದರೆ ಕಲ್ಲಿನ ಹೊಳಪು ಹಾಳಾಗುತ್ತದೆ. ಬ್ಲೀಚ್ ಜೊತೆ ಅದನ್ನು ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಸದ್ದಿನ ಕಡೆ ಗಮನ ಹರಿಸಿದವಳು ಮಗಳು. ಗಾಜಿನ ಮೇಜು ಹೋದ ಮೇಲೂ ಕೋಣೆಯಲ್ಲಿ ಮಾತು ಗಣಗಣ ಅನ್ನುತ್ತಿತ್ತು. ಬರಿ ಗೋಡೆ, ಬರಿ ನೆಲ ಇದ್ದರೆ ಸದ್ದು ಹೀರಿಕೊಳ್ಳುವುದೇ ಇಲ್ಲ, ತಿರುಗಿ ತಿರುಗಿ ಬರುತ್ತದೆ. ಮಂಚದ ಕೆಳಗೆ ಸುತ್ತಿಟ್ಟಿದ್ದ ಹಳೆಯ ಜಮಖಾನೆ ನೆಲಕ್ಕೆ ಬಂತು. ಕುರ್ಚಿ ಕಾಲುಗಳಿಗೆ ಮೆತ್ತನೆಯ ಬಿರಡೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ. ನಡುಗುತ್ತಿದ್ದ ಫ್ರಿಜ್ಜಿನ ಕಾಲು ತಿರುಗಿಸಿ ಮಟ್ಟ ಮಾಡಿದರು. ಪರದೆಯ ಕೋಲನ್ನು ಕಿಟಕಿಯ ಚೌಕಟ್ಟಿನಿಂದ ತೆಗೆದು ಛಾವಣಿಯ ಹತ್ತಿರ, ಎರಡೂ ಬದಿಗೆ ಒಂದು ಗೇಣು ಹೆಚ್ಚು ಅಗಲವಾಗಿ ಹಾಕಿದರು. ಹೀಗೆ ಮಾಡಿದರೆ ಪರದೆ ಸರಿಸಿದಾಗ ಪೂರ್ತಿ ಗಾಜು ತೆರೆದುಕೊಳ್ಳುತ್ತದೆ, ಕಿಟಕಿ ದೊಡ್ಡದಾಗಿ ಕಾಣುತ್ತದೆ. ಬಟ್ಟೆ ಕೋಲಿನ ಉದ್ದದ ಎರಡರಷ್ಟು ಇದ್ದರೆ ನೆರಿಗೆ ತುಂಬಿಕೊಂಡು ಬೀಳುತ್ತದೆ, ಸದ್ದನ್ನೂ ಹೀರುತ್ತದೆ. ಬಾಡಿಗೆ ಮನೆಯಾದ್ದರಿಂದ ಗೋಡೆಗೆ ತೂತು ಹಾಕುವ ಮೊದಲು ಮಾಲೀಕರನ್ನು ಕೇಳಿದ್ದರು.

ಸುಗಂಧದ ಮೇಣದಬತ್ತಿ ಈ ಮನೆಯಲ್ಲಿ ನಡೆಯಲಿಲ್ಲ. ಹೊಗೆಗೆ ಅತ್ತೆಗೆ ಕೆಮ್ಮು ಬಂತು, ಬಿಟ್ಟರು. ಬೆಳಿಗ್ಗೆ ಎದುರು ಬದುರು ಕಿಟಕಿ ತೆರೆದು ಗಾಳಿ ಆಡಿಸುವುದೇ ಸಾಕು ಅನ್ನಿಸಿತು. ಸದಾ ಅದೇ ವಾಸನೆಯಲ್ಲಿದ್ದರೆ ಮೂಗು ಕೆಲವೇ ನಿಮಿಷದಲ್ಲಿ ಅದನ್ನು ಗುರುತಿಸುವುದು ಬಿಡುತ್ತದೆ, ಹಾಗಾಗಿ ಸುಗಂಧಕ್ಕೆ ಖರ್ಚು ಮಾಡುವುದು ಬಹುತೇಕ ಬಂದವರಿಗಾಗಿಯೇ.

ಎಲ್ಲ ಸರಿಯಾಯಿತು ಅಂದುಕೊಂಡಾಗ

ಎರಡು ತಿಂಗಳಿಗೆ ಮನೆ ನಿಜಕ್ಕೂ ಬದಲಾಗಿತ್ತು. ಆತ ಫೋನಿನಲ್ಲಿ ಸಂಭ್ರಮದಿಂದ ಹೇಳಿದರು: ನಿದ್ದೆ ಚೆನ್ನಾಗಿದೆ, ಸಂಜೆ ಮನೆಗೆ ಬರಲು ಮನಸ್ಸಾಗುತ್ತದೆ. ನಾನು ಆಕೆಯ ಜೊತೆಗೂ ಮಾತಾಡಬೇಕು ಅಂದೆ. ಆಕೆ ತುಂಬ ಹೊತ್ತು ಒಳ್ಳೆಯದನ್ನೇ ಹೇಳಿದರು. ಕೊನೆಗೆ ಸಣ್ಣ ದನಿಯಲ್ಲಿ, "ಇವರಿಗೆಲ್ಲ ಹೋಟೆಲ್ ಸಿಕ್ಕಿದೆ. ನನಗೆ ಹೋಟೆಲಿನಲ್ಲಿ ಕೆಲಸ ಸಿಕ್ಕಿದೆ" ಅಂದರು.

ಈ ಪ್ರಕರಣವನ್ನು ಬರೆಯಲೇಬೇಕು ಅನ್ನಿಸಿದ್ದು ಈ ಮಾತಿನಿಂದ. ಬಿಳಿ ಬೆಡ್‌ಶೀಟನ್ನು ಬಿಗಿಯಾಗಿ ಹಾಸುತ್ತಿದ್ದವರು ಯಾರು? ಟವೆಲು ಕೊಡವುತ್ತಿದ್ದವರು, ಮೇಜು ಖಾಲಿ ಇಡುತ್ತಿದ್ದವರು, ಸಂಜೆ ದೀಪ ಹಚ್ಚಿ ಇಡುತ್ತಿದ್ದವರು ಯಾರು? ಎಲ್ಲವೂ ಆಕೆಯೇ, ಕಚೇರಿಯಿಂದ ಬಂದ ಮೇಲೆ. ಕಡಿಮೆ ಖರ್ಚಿನ ಐಷಾರಾಮದ ಬಗ್ಗೆ ಬರುವ ಸಲಹೆಗಳಲ್ಲಿ ಈ ಲೆಕ್ಕ ಇರುವುದೇ ಇಲ್ಲ. ದುಡ್ಡು ಉಳಿಯಿತು ಎಂದರೆ ಹಲವು ಸಲ ಯಾರದೋ ಶ್ರಮ ಹೆಚ್ಚಾಯಿತು ಎಂದೇ ಅರ್ಥ. ಹೋಟೆಲಿನ ಸುಖದ ದೊಡ್ಡ ಭಾಗ ಇನ್ನೊಬ್ಬರು ಮಾಡಿಕೊಡುವ ಕೆಲಸ. ಅದನ್ನು ಮನೆಗೆ ತರುವಾಗ ಆ ಇನ್ನೊಬ್ಬರು ಯಾರು ಎಂದು ಕೇಳಿಕೊಳ್ಳದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಆಕೆಯ ಚೀಟಿಯನ್ನು ಮತ್ತೆ ಎಲ್ಲರ ಮುಂದೆ ಇಟ್ಟೆವು. 'ನನ್ನನ್ನು ಯಾವ ಕೆಲಸವೂ ಕಾಯುತ್ತಿರಲಿಲ್ಲ.' ನಾಲ್ಕು ಚೀಟಿಗಳಲ್ಲಿ ಮೂರು ಈಡೇರಿದ್ದವು. ಇದೊಂದು ಮೊದಲಿಗಿಂತ ದೂರ ಹೋಗಿತ್ತು.

ಆತ ವಾದ ಮಾಡಲಿಲ್ಲ, ಅದು ಅವರ ದೊಡ್ಡ ಗುಣ. ಮನೆಯ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾರು ಮಾಡುತ್ತಾರೆ ಎಂದು ಎದುರಿಗೆ ಬರೆಯಲು ಕೂತರು. ಅರ್ಧಕ್ಕೆ ಬರುವ ಹೊತ್ತಿಗೆ ಪೆನ್ನು ನಿಲ್ಲಿಸಿದರು. ಮುಕ್ಕಾಲು ಪಾಲು ಒಂದೇ ಹೆಸರು.

ಮೂರು ನಿರ್ಧಾರ ಆದವು. ಒಗೆಯುವುದು, ಹಾಸುವುದು, ಬಚ್ಚಲು ತೊಳೆಯುವುದು ಪೂರ್ತಿ ಆತನ ಜವಾಬ್ದಾರಿ. 'ಸಹಾಯ' ಎಂಬ ಮಾತು ಇಲ್ಲ, ಹೆಂಡತಿ ನೆನಪಿಸುವಂತಿಲ್ಲ. ಎರಡನೆಯದು, ರಾತ್ರಿ ಮಲಗುವ ಮೊದಲು ನಾಲ್ವರೂ ಸೇರಿ ಒಂದು ಕಾಲು ಗಂಟೆ ಮನೆಯನ್ನು ಮೊದಲಿನ ಸ್ಥಿತಿಗೆ ತರುವುದು. ಅತ್ತೆ ಕುಳಿತಲ್ಲೇ ಬಟ್ಟೆ ಮಡಿಸುತ್ತಾರೆ, ಮಗಳು ಮೇಜು ಖಾಲಿ ಮಾಡುತ್ತಾಳೆ. ಮೂರನೆಯದು ಮಗಳ ಐಡಿಯಾ. ವಾರದ ರಜೆಯ ದಿನ ಒಬ್ಬೊಬ್ಬರೂ ಸರದಿಯಲ್ಲಿ ಮನೆಯ ಅತಿಥಿ. ಅತಿಥಿ ಒಂದು ಲೋಟವನ್ನೂ ಎತ್ತಿಡುವಂತಿಲ್ಲ. ಯಾವ ಹೊತ್ತಿಗೆ ಏಳಬೇಕು, ಏನು ಓದಬೇಕು ಎಲ್ಲ ಅವರ ಇಷ್ಟ.

ಆಕೆಯ ಮೊದಲ ಸರದಿ ಕೆಟ್ಟಿತು. ಎದ್ದು ಎದ್ದು ಅಡುಗೆಮನೆಗೆ ಹೋಗಿ, ಇದು ಹೀಗಲ್ಲ, ಅದು ಹಾಗಲ್ಲ ಎಂದು ಹೇಳಿಕೊಟ್ಟರು. ಸುಮ್ನೆ ಕೂರುವುದು ಅವರಿಗೆ ರೂಢಿಯೇ ಇರಲಿಲ್ಲ. ಮುಂದಿನ ಸರದಿಗೆ ಅತ್ತೆಯೇ ಸೊಸೆಯನ್ನು ಕೋಣೆಗೆ ಕಳಿಸಿ, "ನೀನು ಬಂದ್ರೆ ಇವರು ಕಲಿಯಲ್ಲ, ಮಲಗು ಹೋಗು" ಅಂದರು. ಅವತ್ತು ಆಕೆ ಮಧ್ಯಾಹ್ನದವರೆಗೂ ಮಲಗಿದ್ದರು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಎಂದು ನನಗೆ ಹೇಳಿದಾಗ ಅವರ ದನಿ ಬೇರೆಯೇ ಇತ್ತು. ನನ್ನ ಪ್ರಕಾರ ಆ ಮನೆಗೆ ಐಷಾರಾಮ ಬಂದದ್ದು ಅವತ್ತು.

ಏನಾಯಿತು, ಏನು ತಿಳಿಯಿತು

ಒಂದು ವರ್ಷ ಕಳೆಯುವ ಹೊತ್ತಿಗೆ ಕಂತುಗಳು ಮುಗಿದಿದ್ದವು. ದೀಪ, ಬೆಡ್‌ಶೀಟು, ಟವೆಲು, ಪರದೆ, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ ಆದ ಖರ್ಚು ಆ ಸೋಫಾದ ಬೆಲೆಯ ಐದನೇ ಒಂದು ಭಾಗ ದಾಟಲಿಲ್ಲ. ಸೋಫಾ ಹಾಗೇ ಉಳಿಯಿತು, ಮೇಲಿನ ಹೊದಿಕೆ ಹೋಯಿತು. ಈಗ ಅದರ ಮೇಲೆ ಕಲೆ ಇದೆ, ಜನ ಕೂರುತ್ತಾರೆ. ಗಾಜಿನ ಕಪಾಟಿನ ಕಪ್ಪುಗಳು ದಿನದ ಬಳಕೆಗೆ ಬಂದವು. ಎರಡು ಒಡೆದಿವೆ. ಒಡೆಯುತ್ತವೆ ಎಂಬ ಭಯಕ್ಕೆ ಬೀಗ ಹಾಕಿ ಇಟ್ಟ ಕಪ್ಪಿನಿಂದ ಯಾರಿಗೂ ಒಂದು ಗುಟುಕಿನ ಸುಖವೂ ಸಿಕ್ಕಿರಲಿಲ್ಲ.

ಒಂದು ಪ್ರಶ್ನೆ ನನ್ನಲ್ಲಿ ಇತ್ತು. ಈ ಖುಷಿ ಎಷ್ಟು ದಿನ? 1971ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಎಂಬ ಮನಶ್ಶಾಸ್ತ್ರಜ್ಞರು ಮನುಷ್ಯ ಎಂಥ ಸುಖಕ್ಕೂ ಬೇಗ ಒಗ್ಗಿಹೋಗಿ, ಮತ್ತೆ ಮೊದಲಿನ ಮಟ್ಟಕ್ಕೇ ಬರುತ್ತಾನೆ ಎಂದು ವಾದಿಸಿದ್ದರು. ಹೋಟೆಲು ಎರಡು ರಾತ್ರಿಯದಾದ್ದರಿಂದ ಒಗ್ಗಿಹೋಗಲು ಸಮಯ ಸಿಗಲಿಲ್ಲ. ಮನೆಯಲ್ಲಿ ಹಾಗಲ್ಲ. ನಿಜ, ಹಳದಿ ದೀಪಗಳನ್ನು ಈಗ ಅವರು ಗಮನಿಸುವುದಿಲ್ಲ. ಅದಕ್ಕೆಂದೇ ಒಂದು ಉಪಾಯ ಮಾಡಿದರು. ಇದ್ದ ಚಿತ್ರ, ದಿಂಬಿನ ಕವರು, ಉಳಿದ ಶೋಪೀಸುಗಳನ್ನು ಎರಡು ಪಾಲು ಮಾಡಿ, ಒಂದು ಪಾಲು ಅಟ್ಟಕ್ಕೆ. ಕೆಲವು ತಿಂಗಳಿಗೊಮ್ಮೆ ಅದಲು ಬದಲು. ಹೊಸದು ಕೊಳ್ಳದೆ ಹೊಸದು ಬಂದ ಹಾಗಾಗುತ್ತದೆ. ಆದರೆ ಕಿರಿಕಿರಿ ಹೋದದ್ದಕ್ಕೆ ಅಷ್ಟು ಬೇಗ ಯಾರೂ ಒಗ್ಗಿಹೋದಂತೆ ಕಾಣಲಿಲ್ಲ. ಶವರಿನ ನೀರಿನ ಬಗ್ಗೆ ಆತ ಈಗಲೂ ಮಾತಾಡುತ್ತಾರೆ. ಅತಿಥಿಯ ಸರದಿಯಂತೂ ನಾಲ್ಕು ವಾರಕ್ಕೊಮ್ಮೆ ಬರುವುದರಿಂದ ಯಾರಿಗೂ ಹಳತಾಗಿಲ್ಲ.

ಎಲ್ಲವೂ ಸರಿಹೋಗಿದೆ ಎಂದು ಹೇಳಲಾರೆ. ಮಗಳಿಗೆ ಗೆಳತಿಯರನ್ನು ಮನೆಗೆ ಕರೆಯಲು ಇನ್ನೂ ಹಿಂಜರಿಕೆ. ಕುರ್ಚಿಗಳು ಒಂದಕ್ಕೊಂದು ಹೊಂದುವುದಿಲ್ಲ, ಗೆಳತಿಯರ ಮನೆಗಳಲ್ಲಿ ಎಲ್ಲ ಜೊತೆಗೂಡಿಯೇ ಬಂದಿರುತ್ತವೆ ಅನ್ನುತ್ತಾಳೆ. ಆ ವಯಸ್ಸಿನಲ್ಲಿ ಅದು ಸಣ್ಣ ನೋವಲ್ಲ, ಅದನ್ನು ತಳ್ಳಿಹಾಕಬೇಡಿ ಎಂದು ಅಪ್ಪ ಅಮ್ಮನಿಗೆ ಹೇಳಿದ್ದೇನೆ. ಮುಂದಿನ ರಜೆಯಲ್ಲಿ ಎಲ್ಲ ಕುರ್ಚಿಗಳಿಗೂ ಒಂದೇ ಬಣ್ಣ ಹೊಡೆಯುವ ಯೋಜನೆ ಅವಳದೇ, ಖರ್ಚು ಡಬ್ಬಿಯಿಂದ.

ಬೇರೆಯವರು ಇದನ್ನು ಹಾಗೇ ನಕಲು ಮಾಡಬೇಕಿಲ್ಲ. ಒಬ್ಬರೇ ಇರುವವರಿಗೆ ಅತಿಥಿಯ ಸರದಿ ಹೊಂದುವುದಿಲ್ಲ. ಸಣ್ಣ ಮಗು ಇರುವ ಮನೆಗೆ ಬಿಳಿ ಬೆಡ್‌ಶೀಟೇ ಕಾಟವಾಗಬಹುದು. ಚೀಟಿ ಬರೆಯುವುದನ್ನು ಮಾತ್ರ ಯಾರೂ ಬಿಡಬೇಡಿ, ಮನೆಯ ಪ್ರತಿಯೊಬ್ಬರೂ ಬೇರೆ ಬೇರೆ ಬರೆಯಬೇಕು. ಆಕೆಯ ಚೀಟಿ ಇಲ್ಲದಿದ್ದರೆ ಈ ಮನೆ ಎರಡನೇ ತಿಂಗಳಲ್ಲೇ ತೃಪ್ತಿಯಿಂದ ನಿಂತುಬಿಡುತ್ತಿತ್ತು, ಒಬ್ಬರ ಬೆನ್ನ ಮೇಲೆ. ಬರೆದ ಮೇಲೆ, ಕೊಳ್ಳುವುದಕ್ಕಿಂತ ಮೊದಲು ಯಾವುದನ್ನು ರಿಪೇರಿ ಮಾಡಬಹುದು, ಯಾವುದನ್ನು ತೆಗೆಯಬಹುದು ಎಂದು ನೋಡಿ. ಪ್ರತಿ ಬದಲಾವಣೆಯ ಎದುರಿಗೆ ಅದನ್ನು ದಿನಾ ನೋಡಿಕೊಳ್ಳುವವರ ಹೆಸರನ್ನೂ ಬರೆಯಿರಿ. ಹೆಸರು ಬರೆಯಲು ಯಾರೂ ಸಿಗದಿದ್ದರೆ ಆ ಬದಲಾವಣೆ ಬೇಡ.

ದೊಡ್ಡ ಖರ್ಚೇ ಬೇಡವೆಂದು ನಾನು ಹೇಳುತ್ತಿಲ್ಲ. ಇವರ ಮ್ಯಾಟ್ರೆಸ್ ಹನ್ನೆರಡು ವರ್ಷ ಹಳೆಯದು, ನಡುವೆ ಕುಗ್ಗಿದೆ. ಎಂಟು ಹತ್ತು ವರ್ಷಕ್ಕೆ ಸಾಮಾನ್ಯವಾಗಿ ಬದಲಿಸಬೇಕಾದ ವಸ್ತು ಅದು. ಬದುಕಿನ ಮೂರನೇ ಒಂದು ಭಾಗ ಅದರ ಮೇಲೆ ಕಳೆಯುತ್ತದೆ, ಅಲ್ವಾ? ಬಂದವರು ಯಾರೂ ಅದನ್ನು ನೋಡುವುದಿಲ್ಲ, ಹಾಗಾಗಿಯೇ ಅದು ಪಟ್ಟಿಯಲ್ಲಿ ಸದಾ ಕೊನೆಗೆ ಉಳಿದಿತ್ತು. ಈ ಸಲ ಅದು ಮೊದಲು. ಮೊದಲಿನ ಕಂತಿನಷ್ಟೇ ಹಣವನ್ನು ಈಗ ಪ್ರತಿ ತಿಂಗಳು ಬೇರೆ ಎತ್ತಿಡುತ್ತಿದ್ದಾರೆ. ಅಂಗಡಿಗೆ ಹೋಗಿ ಇಬ್ಬರೂ ಒಂದೊಂದರ ಮೇಲೆ ಹತ್ತು ನಿಮಿಷ ಮಲಗಿ ನೋಡಿ ಬಂದಿದ್ದಾರೆ. ಆಕೆಗೆ ಗಟ್ಟಿಯದು ಬೇಕು, ಆತನಿಗೆ ಮೆತ್ತನೆಯದು. ಎರಡು ಒಂಟಿ ಮ್ಯಾಟ್ರೆಸ್ ಅಕ್ಕಪಕ್ಕ ಹಾಕಿ, ಮೇಲೆ ಒಂದೇ ಬೆಡ್‌ಶೀಟ್ ಹಾಸಬಹುದಲ್ಲ ಎಂದು ಹೇಳಿದ್ದೇನೆ. ಯೋಚಿಸುತ್ತಿದ್ದಾರೆ.